ಇನ್‌ಸ್ಪೆಕ್ಟರ್ ಸಾಹೇಬರ ಚಂದ್ರಲೋಕ

ಹೋದ ವಾರ ತುಮಕೂರಿನಿಂದ ಒಬ್ಬ ಯುವಕರು ನಮ್ಮ ವಳ್ಳೂರಿಗೆ ಬಂದಿದ್ದರು. ಪಾವಗಡದಿಂದ ಗಾಡಿ ಮಾಡಿಕೊಂಡು ಧೂಳಿನಲ್ಲಿ ಮಿಂದು ಬಂದವರು, ಶಾಲೆಯ ಜಗಲಿಯ ಮೇಲೆ ಕುಳಿತು ಚೊಂಬು ನೀರು ಕುಡಿದು ವಿಷಯ ಹೇಳಿದರು. ನಮ್ಮ ಸೀಮೆಯ ಹಳೆಯ ಸ್ಕೂಲ್ ಇನ್‌ಸ್ಪೆಕ್ಟರು ತೀರಿಕೊಂಡರಂತೆ. ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. "ಮಕ್ಕಳಿಗೆ ಅಂಥ ಅದ್ಭುತ ಕಥೆಗಳನ್ನು ಕೊಟ್ಟ ಮಹನೀಯರು. ನೀವು ಅವರ ಕೈಕೆಳಗೆ ಕೆಲಸ ಮಾಡಿದವರು. ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕು" ಎಂದರು.

ನಾಲ್ಕು ಒಳ್ಳೆಯ ಮಾತು ನನ್ನಲ್ಲಿಲ್ಲ. ಎರಡು ಇವೆ, ಅವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಮಧುಗಿರಿಯಲ್ಲಿ ನಾನು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಸುತ್ತುಗೋಡೆ ಕಟ್ಟಿಸಿದವರು ಅವರೇ. ಅದಕ್ಕೆ ಮುಂಚೆ ಸಂತೆಗೆ ಹೋಗುವ ಗಂಡಸರೆಲ್ಲ ಕಿಟಕಿಗೆ ಮೂತಿಯಿಟ್ಟು, ಓದುವ ಹುಡುಗಿಯರನ್ನು ಸರ್ಕಸ್ಸಿನ ಪ್ರಾಣಿಗಳಂತೆ ನೋಡಿ ಹೋಗುತ್ತಿದ್ದರು. ಇನ್ನೊಂದು, ಅವರ ಕಂಠ. ಗದ್ಯವನ್ನು ಗಟ್ಟಿಯಾಗಿ ಓದುವಾಗ ಕೊನೆಯ ಬೆಂಚಿನ ಮಗುವೂ ಕೆರೆದುಕೊಳ್ಳುವುದನ್ನು ಮರೆತು ಕೇಳುತ್ತಿತ್ತು. ಇಷ್ಟೇ. ಇನ್ನು ಮುಂದೆ ಬರೆಯುವುದನ್ನು ಆ ಯುವಕರು ಅಚ್ಚು ಹಾಕಿಸುತ್ತಾರೆಂದು ನನಗೆ ನಂಬಿಕೆಯಿಲ್ಲ. ಆದರೂ ಬರೆಯುತ್ತೇನೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಸರು ಇರಬೇಕಾಗಿದ್ದ ಜಾಗದಲ್ಲಿ ಒಮ್ಮೆ ಅವರ ಹೆಸರು ಅಚ್ಚಾಗಿದೆ. ನನ್ನ ಕೈಯಿಂದಲೇ ಅದಕ್ಕೆ ಇನ್ನೊಂದು ಜಾಗ ಕೊಡಲಾರೆ.

ಎತ್ತರದ ಆಳು, ಲಕ್ಷಣವಾಗಿದ್ದರು. ಜರಿಯಂಚಿನ ರುಮಾಲು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ನಡೆದರೆ ಕಿರ್ರೆನ್ನುವ ಬೂಟು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಶಾಲೆಗಳೂ ಅವರ ಅಧೀನದಲ್ಲಿದ್ದವು. ಅವರು ಬರುವ ದಿನ ಬೆಳಗಿನಿಂದಲೇ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಗಾಡಿ ಕಂಡ ಕೂಡಲೇ ಸ್ವಾಗತದ ಹಾಡು ಶುರುವಾಗಬೇಕು. ಒಮ್ಮೆ ಕೊರಟಗೆರೆಯ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳು ತಪ್ಪಿ ಬೇರೆ ಯಾರದೋ ಗಾಡಿಗೆ ಹಾಡಿಬಿಟ್ಟರು. ಸಾಹೇಬರ ಗಾಡಿ ಬಂದಾಗ ಹಾಡು ಮುಗಿದುಹೋಗಿತ್ತು. ಅವರು ಗಾಡಿಯಿಂದ ಇಳಿಯಲೇ ಇಲ್ಲ. "ಮೊದಲಿನಿಂದ" ಎಂದು ಒಳಗಿನಿಂದಲೇ ಹೇಳಿದರು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಒಂದು ಮಾತೆಂದರೆ, "ಆಧಾರ?" ಮಗು ಏನು ಹೇಳಿದರೂ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡು, ತಲೆ ಸ್ವಲ್ಪ ಓರೆ ಮಾಡಿ, ಹಾಗೆ ಕೇಳುತ್ತಿದ್ದರು. ನಮ್ಮಲ್ಲಿ ಚೆನ್ನಿ ಎಂಬ ಹುಡುಗಿ ಇದ್ದಳು. ಬಡವನಹಳ್ಳಿಯ ಕಡೆಯವಳು. ಮಧುಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಸಾಹೇಬರು ಮೊದಲ ಸಲ ಬಂದಾಗ, ಗೊತ್ತಿದ್ದ ಕಥೆಯೊಂದನ್ನು ಹೇಳೆಂದರು. ಅವಳು ರಾಜಕುಮಾರಿಗೆ ದಾರಿ ತೋರಿಸುವ ಗಿಳಿಯ ಕಥೆ ಶುರು ಮಾಡಿದಳು.

"ಗಿಳಿ ಮಾತಾಡಿತು ಎನ್ನುವುದಕ್ಕೆ ಆಧಾರ?"

"ನಮ್ಮತ್ತೆ ಮನ್ಯಾಗೇ ಒಂದೈತೆ ಸಾಮಿ. ಬೈತೈತೆ."

ಹುಡುಗಿಯರು ಕಿಸಕ್ಕೆಂದರು. ನನಗೂ ನಗು ತಡೆಯಲಾಗಲಿಲ್ಲ. ಚೆನ್ನಿಯನ್ನು ಮಧ್ಯಾಹ್ನದವರೆಗೆ ಅಂಗಳದಲ್ಲಿ ನಿಲ್ಲಿಸಿದರು. ನನಗೆ ಮಾತ್ರ ಮೆತ್ತಗಿನ ದನಿಯಲ್ಲಿ, "ಗಾಳಿಗೋಪುರ ಕಟ್ಟುವ ಮಕ್ಕಳು ಮುಂದೆ ಗೃಹಕೃತ್ಯಕ್ಕೂ ಆಗುವುದಿಲ್ಲ, ತಿಳಿಯಿತೆ?" ಎಂದರು.

ಸಿರಾದ ಉರ್ದು ಶಾಲೆಯಲ್ಲಿ ಒಬ್ಬ ವಯಸ್ಸಾದ ಉಸ್ತಾದರಿದ್ದರು. ಶುಕ್ರವಾರ ಬಿಟ್ಟು ಉಳಿದ ದಿನ ಸಂಜೆ ಮಕ್ಕಳಿಗೆ ಜಿನ್ನುಗಳ ಕಥೆ, ಹಾರುವ ಕುದುರೆಯ ಕಥೆ ಹೇಳುತ್ತಿದ್ದರಂತೆ. ಸಾಹೇಬರು ಅಲ್ಲಿಗೂ ಹೋಗಿ ಆಧಾರ ಕೇಳಿದರು. ಉಸ್ತಾದರು ಗಡ್ಡ ನೀವಿಕೊಂಡು, "ಹುಜೂರ್, ಕತೆ ಕೇಳೋಕೇಂತ ಬಚ್ಚಾ ಲೋಗ್ ಸ್ಕೂಲಿಗೆ ಬರ್ತಾರೆ. ಬರ್ದೇ ಇದ್ರೆ ಹಾಜರಿ ಯಾರದು ಹಾಕ್ಲಿ?" ಎಂದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಇದನ್ನು ನನಗೆ ಹೇಳಿದವರು ಸ್ವತಃ ಸಾಹೇಬರೇ. ನಗುನಗುತ್ತಾ, ಒಂದು ಒಳ್ಳೆಯ ಊಟದ ವರ್ಣನೆ ಮಾಡುವಂತೆ ಹೇಳಿದರು.

ಇನ್ನು ನನ್ನ ವಿಷಯ. ನನಗೆ ಬುದ್ಧಿ ತಿಳಿಯುವ ಮೊದಲೇ ಮದುವೆಯಾಗಿತ್ತು, ಬುದ್ಧಿ ತಿಳಿಯುವ ಹೊತ್ತಿಗೆ ಗಂಡ ಸತ್ತಿದ್ದ. ತಂದೆಯವರು ಊರಿನವರ ಬಾಯಿಗೆ ಅಂಜದೆ ಮೈಸೂರಿನಲ್ಲಿ ಓದಿಸಿದ್ದರಿಂದ ಉಪಾಧ್ಯಾಯಿನಿಯಾದೆ. ಮಧುಗಿರಿಯಲ್ಲಿ ಶಾಲೆಯ ಆಯಾ ಗಂಗಮ್ಮನೇ ನನಗೆ ಜೊತೆ. ಎಲ್ಲಿಗೆ ಹೋಗಬೇಕಾದರೂ ಅವಳು ಬರುತ್ತಿದ್ದಳು. ಒಂಟಿಯಾಗಿ ಹೋದರೆ ಜನ ಏನೆನ್ನುತ್ತಾರೋ ಎಂಬ ಭಯ ನನಗಿಂತ ಅವಳಿಗೆ ಹೆಚ್ಚು.

ಚಂದ್ರಲೋಕದ ಕಥೆ ಹುಟ್ಟಿದ್ದು ಹೊಲಿಗೆ ತರಗತಿಯಲ್ಲಿ. ಯುದ್ಧದ ಕಾಲ, ನೂಲು ಸಿಗುತ್ತಿರಲಿಲ್ಲ. ಹುಡುಗಿಯರು ಸೂಜಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಹಗಲಿನಲ್ಲೇ ಬೆಟ್ಟದ ಭುಜದ ಮೇಲೆ ಚಂದ್ರ ಮಾಸಲಾಗಿ ಕಾಣುತ್ತಿದ್ದ.

"ಅಮ್ಮೋರೇ, ಬೆಟ್ಟದ ತುದೀಗ್ ಹೋದ್ರೆ ಅಲ್ಲಿಂದ ಅಷ್ಟೇ ದೂರ ಅಲ್ವಾ? ಎಗರಿದ್ರೆ ಸಿಗ್ತದಾ?" ಎಂದಳು ಚೆನ್ನಿ.

"ಎಗರಿದರೆ ಸಿಗುವುದಿಲ್ಲ, ಏನಾದರೂ ವಾಹನ ಬೇಕು" ಎಂದೆ.

ಅಲ್ಲಿಂದ ಶುರುವಾಯಿತು. ನಾನೊಂದು ಮಾತು, ಅವರೊಂದು ಮಾತು. ಬೆಟ್ಟದ ಬಂಡೆಗೆ ಜೋತುಬಿದ್ದ ಹೆಜ್ಜೇನುಗಳೆಲ್ಲ ಸೇರಿ ಮಲ್ಲಿ ಎಂಬ ಹುಡುಗಿಗೆ ಮೇಣದ ದೋಣಿ ಕಟ್ಟಿಕೊಡುತ್ತವೆ, ದೋಣಿಯನ್ನು ತಾವೇ ಎಳೆದುಕೊಂಡು ಹೋಗುತ್ತವೆ. ಸೂರ್ಯನ ಬಿಸಿಗೆ ಮೇಣ ಕರಗಿದರೆ? ಅದಕ್ಕೆ ಜೇನುಗಳು ದೋಣಿಯ ಸುತ್ತ ರೆಕ್ಕೆ ಬೀಸುತ್ತ ಗಾಳಿ ಹಾಕುತ್ತವೆ. ಇದು ಒಬ್ಬ ಮಡಿವಾಳರ ಹುಡುಗಿ ಕೊಟ್ಟ ಉಪಾಯ. ಚಂದ್ರನಲ್ಲಿ ಜನ ಇದ್ದಾರೆ, ನೀರಿಲ್ಲ. ಮಲ್ಲಿ ಅಲ್ಲಿಯ ಬಿಳಿಯ ಮರಳನ್ನು ತೋಡಿ ತಲಪರಿಗೆ ಮಾಡುತ್ತಾಳೆ. ನಮ್ಮ ಹಳ್ಳಗಳಲ್ಲಿ ಮರಳು ಬಗೆದು, ಒಸರುವ ಊಟೆಯನ್ನು ಕಾಲುವೆಗೆ ತಿರುಗಿಸಿ ಗದ್ದೆಗೆ ಹಾಯಿಸಿಕೊಳ್ಳುತ್ತಾರಲ್ಲ, ಅದೇ ತಲಪರಿಗೆ. ನೀರು ಬಂದ ಮೇಲೆ ಚಂದ್ರಲೋಕದವರು ಅವಳನ್ನು ಕೇಳುತ್ತಾರೆ, ನಿನಗೇನು ಬೇಕು?

"ಆಮೇಲೆ ಅವಳು ಮನೆಗೆ ಬರುತ್ತಾಳೆ" ಎಂದು ನಾನು ಕಥೆ ಮುಗಿಸಹೋದೆ.

"ಯಾಕ್ ಬರಬೇಕು?" ಎಂದಳು ಚೆನ್ನಿ. ಅವಳಿಗೆ ಆಗಲೇ ಗಂಡು ನೋಡುತ್ತಿದ್ದರು. "ಬಂದ್ರೆ ಅವ್ಳ ಮದುವೆ ಮಾಡ್ಬುಡ್ತಾರೆ. ಅಲ್ಲೇ ಇರ್ಲಿ ಬುಡಿ ಅಮ್ಮೋರೇ."

ಎಲ್ಲರೂ ಹೌದು ಹೌದೆಂದರು. ಮಲ್ಲಿ ಬರಲಿಲ್ಲ. ಅಲ್ಲೇ ಉಳಿದು, ಮಸಿ ಹಿಡಿದ ಚಂದ್ರನನ್ನು ತಲಪರಿಗೆಯ ನೀರಿನಲ್ಲಿ ಬೆಳಗುತ್ತಾಳೆ. ತೊಳೆಯಲು ಹಾಕಿದ ದಿನ ನಮಗೆ ಅಮಾವಾಸ್ಯೆ.

ಮುಂದಿನ ತಪಾಸಣೆಯ ದಿನ ಸಾಹೇಬರು ವರಾಂಡದಲ್ಲಿ ನಿಂತು, ಚಿಕ್ಕ ಹುಡುಗಿಯರು ಈ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದನ್ನು ಕೇಳಿದರು. ಈ ಸಲ ಆಧಾರ ಕೇಳಲಿಲ್ಲ. ಸಂಜೆ ಜವಾನನನ್ನು ಕಳಿಸಿ, ತಾವು ಇಳಿದುಕೊಂಡಿದ್ದ ಬಂಗಲೆಗೆ ಬರಹೇಳಿದರು. ಗಂಗಮ್ಮನನ್ನು ಕರೆದುಕೊಂಡು ಹೋದೆ. ಅವಳನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಬಾಗಿಲು ತೆರೆದೇ ಇಟ್ಟು ಮಾತಾಡಿದರು. ಅಂಥ ವಿಷಯಗಳಲ್ಲಿ ಸಭ್ಯರು, ಒಪ್ಪುತ್ತೇನೆ.

"ನೋಡಿ, ಇಲಾಖೆಗೆ ಈಗ ಮಕ್ಕಳ ಕಥೆಗಳು ಬೇಕಾಗಿವೆ. ಹೊಸ ರೀತಿಯವು. ವಿಜ್ಞಾನವೂ ಇರಬೇಕು, ಅದ್ಭುತವೂ ಇರಬೇಕು. ವಿಮಾನಗಳ ಕಾಲ ಇದು. ನೀವು ಕೆಲವು ಬರೆದುಕೊಡಿ. ನಾನು ಶಿಫಾರಸು ಮಾಡುತ್ತೇನೆ. ಪುಸ್ತಕವಾಗಿ ಎಲ್ಲ ಶಾಲೆಗಳಿಗೂ ಹೋಗುತ್ತದೆ."

ನಾನು ಆ ಮಾತಿಗೆ ಉಬ್ಬಿಹೋದೆ. ಬೇಸಗೆ ರಜೆಯೆಲ್ಲ ಕೂತು ಬರೆದೆ. ಮಲ್ಲಿಯ ಕಥೆಯ ಜೊತೆಗೆ, ಸಿರಾ ಕೋಟೆಯ ಬಾವಿಗಿಳಿದು ಮುಂದಿನ ಶತಮಾನದಲ್ಲಿ ಮೇಲೆ ಬರುವ ನೇಕಾರನ ಕಥೆ. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡಬೇಕಾಗಿ ಬಂದು, ಅದರ ಹೊಗೆಗೆ ಬೇಸತ್ತು ಇನ್ನು ಓಡುವುದಿಲ್ಲವೆಂದು ಹಟ ಹಿಡಿದ ಬಸ್ಸಿನ ಕಥೆ. ಬೀಸುವ ಹಾಡುಗಳನ್ನೆಲ್ಲ ನುಂಗಿಟ್ಟುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ತಿರುಗಿ ಹಾಡುವ ಬೀಸುವ ಕಲ್ಲಿನ ಕಥೆ. ಗಂಗಮ್ಮನಿಗೆ ಓದಿ ಹೇಳಿದೆ. ಬಸ್ಸಿನ ಕಥೆಗೆ ನಕ್ಕಳು. ಬೀಸುವ ಕಲ್ಲಿನ ಕಥೆಗೆ ಅತ್ತಳು. "ನಮ್ಮವ್ವನ ದನಿ ಅದ್ರಾಗೆ ಇರ್ಬೌದೇನಮ್ಮಾ?" ಎಂದು ಮಾರನೆಯ ದಿನ ನಿಜವಾಗಿಯೂ ಕೇಳಿದಳು.

ಹಾಳೆಗಳನ್ನು ಸಾಹೇಬರ ಕೈಗೇ ಕೊಟ್ಟೆ. "ಸಂತೋಷ" ಎಂದರು. ಆಮೇಲೆ ಸುದ್ದಿಯಿಲ್ಲ. ಕೇಳಿದಾಗಲೆಲ್ಲ, "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟೆ. ನಾನು ಬರೆದದ್ದು ಚೆನ್ನಾಗಿಲ್ಲವೆಂದು ಹೇಳಲು ಸಂಕೋಚಪಡುತ್ತಿದ್ದಾರೆ ಎಂದುಕೊಂಡಿದ್ದೆ.

ಮರುವರ್ಷ ಪುಸ್ತಕ ಬಂತು. ಕಾಗದಕ್ಕೆ ಬರಗಾಲ, ಮಕ್ಕಳು ಸ್ಲೇಟಿನ ಎರಡೂ ಬದಿ ತುಂಬಿಸಿ ಆಮೇಲೆ ಅಂಗೈ ಮೇಲೆ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಅದಕ್ಕೆ ಮಾತ್ರ ನುಣ್ಣನೆಯ ಬಿಳಿಯ ಕಾಗದ. ಶಾಲಾ ಪುಸ್ತಕ ಭಂಡಾರಗಳಿಗೆ ಶಿಫಾರಸು ಮಾಡಿದ್ದು ಎಂದು ಮೇಲೆ ಮುದ್ರೆ. ಒಳಗೆ ಸಾಹೇಬರ ಭಾವಚಿತ್ರ, ಸಾಹೇಬರ ಹೆಸರು. ಮಕ್ಕಳ ಮನಸ್ಸನ್ನು ಬಹುಕಾಲ ಅಭ್ಯಾಸ ಮಾಡಿದ ಫಲವೇ ಈ ಕಥೆಗಳೆಂದು ಮುನ್ನುಡಿ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಅವರ ಅಳಿಯನ ಹೆಸರಿತ್ತು.

ಕದ್ದವರು ಕದ್ದ ಹಾಗೆಯೇ ಇಟ್ಟಿದ್ದರೂ ಆಗುತ್ತಿತ್ತು. ಮಲ್ಲಿ ಸದಾನಂದನಾಗಿದ್ದಳು. ಸದಾನಂದ ವಿಧೇಯ ಬಾಲಕ. ಜೇನುಗಳು ಗಾಳಿ ಹಾಕುವುದನ್ನು ತೆಗೆದುಹಾಕಿ, ಮೇಣವು ಶಾಖಕ್ಕೆ ಕರಗುವ ಪದಾರ್ಥ ಎಂಬ ಪಾಠವನ್ನು ಹಾಕಿದ್ದರು. ದೋಣಿ ಕರಗುತ್ತದೆ, ಸದಾನಂದ ಬೀಳುತ್ತಾನೆ, ಚಾಪೆಯ ಮೇಲೆ ಎಚ್ಚರವಾಗುತ್ತದೆ. ಎಲ್ಲವೂ ಕನಸು. ಎದ್ದು ತಾಯಿಯ ಪಾದಕ್ಕೆ ನಮಸ್ಕರಿಸಿ ಮಗ್ಗಿ ಹೇಳಲು ಕೂರುತ್ತಾನೆ. ನೇಕಾರನದೂ ಕನಸು, ಬಸ್ಸಿನದೂ ಕನಸು. ಬೀಸುವ ಕಲ್ಲು ಹಾಡಿದ್ದು ಜ್ವರದ ಭ್ರಮೆ. ಮೈಸೂರಿನ ಕಡೆಯವರಾದ ಅವರಿಗೆ ತಲಪರಿಗೆ ಗೊತ್ತಿರಲಿಲ್ಲ. ಕೇಳುವ ತಾಳ್ಮೆಯೂ ಇರಲಿಲ್ಲ. ಪುಟದ ಕೆಳಗೆ 'ತಲಪರಿಗೆ: ಒಂದು ಬಗೆಯ ಮಣ್ಣಿನ ಪಾತ್ರೆ' ಎಂದು ಅರ್ಥ ಕೊಟ್ಟಿದ್ದರು. ಈ ನಾಲ್ಕು ತಾಲ್ಲೂಕಿನಲ್ಲಿ ಅಷ್ಟು ವರ್ಷ ಗಾಡಿಯಲ್ಲಿ ತಿರುಗಿದವರು!

ಮಕ್ಕಳು ಅದ್ಭುತ ಕಥೆಯಲ್ಲಿ ಏನನ್ನಾದರೂ ನಂಬಿಬಿಡುತ್ತಾರೆ. ಮೇಣದ ದೋಣಿಯನ್ನು ನಂಬುತ್ತಾರೆ, ಹಟಮಾರಿ ಬಸ್ಸನ್ನು ನಂಬುತ್ತಾರೆ. ಅಷ್ಟು ದೂರ ಕೈಹಿಡಿದು ಕರೆದುಕೊಂಡು ಹೋಗಿ, ಕೊನೆಯಲ್ಲಿ ಇದೆಲ್ಲ ಸುಳ್ಳು, ಹೋಗಿ ಮಲಗು ಎಂದರೆ ಅವರಿಗಾಗುವ ಅವಮಾನವನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡೆ. ಆ ಪುಸ್ತಕವನ್ನು ಓದಿ ಹೇಳಬೇಕೆಂದು ಆಜ್ಞೆ ಬಂದಿತ್ತು, ಓದಿದೆ. ಮೊದಲ ಪುಟದಲ್ಲೇ ಗುಸುಗುಸು ಶುರುವಾಯಿತು.

"ಅಮ್ಮೋರೇ, ಇದು ನಮ್ಮ ಕತೆ ಅಲ್ವಾ?"

"ಮಲ್ಲೀನ ಯಾಕೆ ಗಂಡುಡುಗ ಮಾಡ್ಬುಟ್ಟವ್ರೆ?"

ಕೊನೆಯ ಸಾಲು ಓದಿದಾಗ, ಗಾಳಿ ಹಾಕುವ ಉಪಾಯ ಕೊಟ್ಟಿದ್ದ ಮಡಿವಾಳರ ಹುಡುಗಿ ತಲೆ ತಗ್ಗಿಸಿ ಸೆರಗಿನ ತುದಿ ಕಡಿಯುತ್ತಿದ್ದಳು. ಹೊರಗೆ ಕಸ ಗುಡಿಸುತ್ತಿದ್ದ ಗಂಗಮ್ಮ ಪೊರಕೆ ನಿಲ್ಲಿಸಿ, "ಎಂಥ ಮನುಷ್ಯನವ್ವಾ ಇವ್ನು, ಇದ್ದಿದ್ದನ್ನೂ ಹಾಳ್ಮಾಡಿ ಮಡಗವ್ನಲ್ಲಾ" ಎಂದಳು.

ಆ ವರ್ಷದ ತಪಾಸಣೆಗೆ ಸಾಹೇಬರು ಉತ್ಸಾಹದಿಂದ ಬಂದರು. ಚೆನ್ನಿ ಆಗ ಪ್ರೈಮರಿಯ ಕೊನೆಯ ತರಗತಿ. ಬಹಳ ಚುರುಕು. ಮಿಡ್ಲ್ ಸ್ಕೂಲಿಗೆ ವಿದ್ಯಾರ್ಥಿವೇತನಕ್ಕೆ ಅವಳ ಹೆಸರನ್ನು ನಾವು ಕಳಿಸಿದ್ದೆವು. ವೇತನ ಸಿಕ್ಕಿದರೆ ಮದುವೆಯನ್ನು ಮುಂದೆ ಹಾಕುತ್ತೇನೆಂದು ಅವಳ ತಂದೆ ನನಗೆ ಮಾತು ಕೊಟ್ಟಿದ್ದ. ಬೇಕಾಗಿದ್ದುದು ಇನ್‌ಸ್ಪೆಕ್ಟರ ಒಪ್ಪಿಗೆ. ಆದ್ದರಿಂದ ಮುಖ್ಯೋಪಾಧ್ಯಾಯಿನಿಯವರು ಅವಳನ್ನೇ ಮುಂದೆ ನಿಲ್ಲಿಸಿದರು.

"ನನ್ನ ಪುಸ್ತಕದಿಂದ ಒಂದು ಕಥೆ ಹೇಳು, ಮಗು" ಎಂದರು ಸಾಹೇಬರು, ಮೃದುವಾಗಿ.

ಚೆನ್ನಿ ಹೇಳಿದಳು. ಮಲ್ಲಿ, ಹೆಜ್ಜೇನು, ರೆಕ್ಕೆಯ ಗಾಳಿ, ತಲಪರಿಗೆ. ನಿಲ್ಲಿಸೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ತಪ್ಪು ಹೇಳುತ್ತಿದ್ದೀಯೆ. ಕೊನೆಗೆ ಏನಾಯಿತು? ಅದೆಲ್ಲ ಕನಸು, ಅಲ್ಲವೆ?"

"ಕನಸಲ್ಲ ಸಾಮಿ. ಅವ್ಳು ಅಲ್ಲೇ ಅವ್ಳೆ."

"ಪುಸ್ತಕದಲ್ಲಿ ಹಾಗಿಲ್ಲ."

"ಪುಸ್ತಕದಾಗೆ ತಪ್ಪಾಗೈತೆ."

ಮುಖ್ಯೋಪಾಧ್ಯಾಯಿನಿಯವರು ಬೆವರು ಒರೆಸಿಕೊಂಡರು. ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿ, "ಏನಿದು? ನೀವು ಕಲಿಸಿದ್ದೆ?" ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ನಾನು ಬರೆದುಕೊಟ್ಟಂತೆಯೇ ಹೇಳಿದ್ದಾಳೆ ಸಾರ್. ತಿದ್ದಿದವರು ತಾವು" ಎಂದೆ.

ಅವರು ಸಿಟ್ಟಾಗಬಹುದಿತ್ತು, ನಾಚಬಹುದಿತ್ತು. ಎರಡೂ ಆಗಲಿಲ್ಲ. ತೋರುಬೆರಳು ತುಟಿಯ ಮೇಲೆ ಹೋಯಿತು, ತಲೆ ಓರೆಯಾಯಿತು. ಹುಡುಗಿಯರು ನೋಡುತ್ತಿರುವಂತೆಯೇ ಮುಗುಳ್ನಕ್ಕು ಕೇಳಿದರು:

"ಆಧಾರ?"

ನನ್ನ ಬಳಿ ಏನಿತ್ತು? ಹಾಳೆಗಳೆಲ್ಲ ಅವರ ಮನೆಯಲ್ಲಿದ್ದವು. ಓದು ಬಾರದ ಗಂಗಮ್ಮ ಒಬ್ಬಳು ಸಾಕ್ಷಿ, ಕಥೆ ಕಟ್ಟಿದ ಮಕ್ಕಳು ಉಳಿದ ಸಾಕ್ಷಿ. ಅವರು ಚೆನ್ನಿಯ ಕೆನ್ನೆಯನ್ನು ಮೆಲ್ಲಗೆ ತಟ್ಟಿ, ಬೂಟು ಕಿರ್ರೆನ್ನಿಸುತ್ತ ಹೊರಟುಹೋದರು.

ತಿಂಗಳೊಳಗೆ ನನಗೆ ಪಾವಗಡ ತಾಲ್ಲೂಕಿನ ಈ ವಳ್ಳೂರಿಗೆ ವರ್ಗವಾಯಿತು. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಇಲ್ಲಿಯ ಮಕ್ಕಳು ಅರ್ಧ ತೆಲುಗು, ಅರ್ಧ ಕನ್ನಡ. "ಅಮ್ಮೋರೇ, ಇಂಕಾ ಚೆಪ್ಪಂಡಿ, ಆಮೇಲೇನಾಯ್ತು?" ಎಂದು, ಇನ್ನೂ ಹೇಳೆಂದು ಸೆರಗು ಹಿಡಿದು ಎಳೆಯುತ್ತಾರೆ. ಕಥೆಗಳು ಹೋದರೆ ಬೇರೆ ಕಟ್ಟಬಹುದು, ಕಟ್ಟಿದ್ದೇನೆ. ಕಳ್ಳತನವನ್ನು ಒಂದು ದಿನ ಮರೆಯುತ್ತಿದ್ದೆನೇನೋ.

ಚೆನ್ನಿಯ ವಿಷಯವನ್ನು ಮರೆಯಲಾರೆ. ಅವಳ ವಿದ್ಯಾರ್ಥಿವೇತನಕ್ಕೆ ಸಾಹೇಬರು ಒಪ್ಪಿಗೆ ಕೊಡಲಿಲ್ಲ. ಹಿರಿಯರಿಗೆ ಎದುರಾಡುವ ಸ್ವಭಾವ ಎಂದು ಕಾರಣ ಬರೆದರು. ನಾನು ಮಧುಗಿರಿ ಬಿಡುವ ಮೊದಲು ಅವಳ ತಂದೆಯನ್ನು ನೋಡಲು ಗಂಗಮ್ಮನ ಜೊತೆ ಬಡವನಹಳ್ಳಿಗೆ ಹೋಗಿದ್ದೆ. ಅವನು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತ.

"ನಾನೇನ್ ಮಾಡ್ಲಿ ಅಮ್ಮೋರೇ? ಸಾಯೇಬ್ರೇ ಬ್ಯಾಡ ಅಂದ್ಬುಟ್ಟವ್ರೆ. ಅಷ್ಟು ದೊಡ್ಡೋರು ಅಂದ್ಮ್ಯಾಲೆ ನಮ್ಮುಡುಗೀದೇ ಏನೋ ತಪ್ಪಿರ್ಬೇಕು. ಗಂಡು ಬಂದೈತೆ, ಕೊಟ್ಬುಡ್ತೀನಿ."

"ಇನ್ನೊಂದು ವರ್ಷ ತಡಿಯಪ್ಪಾ, ನಾನೇ ಓದಿಸುತ್ತೇನೆ" ಎಂದೆ.

"ನಿಮ್ಮನ್ನೇ ಎತ್ತಂಗಡಿ ಮಾಡವ್ರಂತೆ. ಇನ್ ಹೆಂಗ್ ಓದುಸ್ತೀರಿ?"

ಚೆನ್ನಿ ಒಳಗಿನಿಂದ ಬಂದು ನನಗೆ ಮಜ್ಜಿಗೆ ಕೊಟ್ಟು, ಕಂಬ ಹಿಡಿದು ನಿಂತಳು. ಅಳಲಿಲ್ಲ. "ನಾನು ಸರಿಯಾಗೇ ಹೇಳ್ದೆ ಅಲ್ವಾ ಅಮ್ಮೋರೇ?" ಎಂದಳು. ಸರಿಯಾಗಿಯೇ ಹೇಳಿದೆ ಎಂದೆ. ಕೊರಟಗೆರೆಯ ಆಚೆ, ಹೆಂಡತಿ ಸತ್ತ ಒಬ್ಬ ಗಾಣದವನಿಗೆ ಅವಳನ್ನು ಕೊಟ್ಟರು. ಕೆಲವು ವರ್ಷದ ಮೇಲೆ ನಾನು ಅತ್ತ ಹೋದಾಗ ಹುಡುಕಿಕೊಂಡು ಹೋಗಿ ನೋಡಿದೆ. ಸೊಂಟದ ಮೇಲೆ ಮಗು, ಕೈಯೆಲ್ಲ ಹಿಂಡಿಯ ಎಣ್ಣೆ. ನಾನು ಅವಳ ಮಗುವಿಗೆಂದು ಕೊಂಡೊಯ್ದಿದ್ದ ಬಣ್ಣದ ಅಕ್ಷರಮಾಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚೆನ್ನಾಗೈತೆ. ನನಗೆ ಓದೋದು ಮರ್ತೇ ಹೋಗೈತೆ ಅಮ್ಮೋರೇ" ಎಂದು ನಕ್ಕಳು. ಆ ನಗುವನ್ನು ನೆನೆದರೆ, ಸತ್ತ ಆ ಮನುಷ್ಯನ ಮೇಲೆ ಈಗಲೂ ನನ್ನ ಕೈ ಬಿಗಿಯುತ್ತದೆ.

ಅವಳನ್ನು ನೋಡಿ ವಾಪಸು ಬರುವ ದಿನವೇ ನಾನು ಸಾಹೇಬರನ್ನು ಕಡೆಯ ಸಲ ಕಂಡೆ. ಕೊರಟಗೆರೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಡ್ರೈವರು ಬಸ್ಸಿನ ಹಿಂಬದಿಯ ಇದ್ದಿಲಿನ ಒಲೆಯ ಗಾಳಿಯಂತ್ರ ತಿರುಗಿಸುತ್ತಿದ್ದ. ಹುಣಸೇಮರದ ಕೆಳಗೆ ಕಲ್ಲಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ರುಮಾಲಿನ ಜರಿ ಕಪ್ಪಾಗಿತ್ತು, ಕೋಟಿನ ಗುಂಡಿಯೊಂದು ಇರಲಿಲ್ಲ. ನಿವೃತ್ತರಾಗಿ ಬಹಳ ದಿನವಾಗಿತ್ತು. ಯಾರೂ ಅವರಿಗೆ ಎದ್ದು ನಿಲ್ಲುತ್ತಿರಲಿಲ್ಲ. ನಾನು ಮುಖ ತಿರುಗಿಸಿದೆ. ಅವರೇ ಗುರುತು ಹಿಡಿದರು.

"ಓಹೋ, ನೀವು! ಮಧುಗಿರಿಯಲ್ಲಿದ್ದವರಲ್ಲವೆ? ಚೆನ್ನಾಗಿದ್ದೀರಾ?"

ದನಿಯಲ್ಲಿ ಅಳುಕಿಲ್ಲ, ವ್ಯಂಗ್ಯವೂ ಇಲ್ಲ. ಹಳೆಯ ಪರಿಚಯದವರು ಸಿಕ್ಕ ಖುಷಿ, ಅಷ್ಟೆ. ನಾನು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಬೆಂದದ್ದು ಅವರ ನೆನಪಿನಲ್ಲಿ ಒಂದು ಗೆರೆಯಾಗಿಯೂ ಉಳಿದಿರಲಿಲ್ಲ. ನೆನಪಿದ್ದೂ ಮರೆತಂತೆ ನಟಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಏನಾದರೂ ಬರೆಯುತ್ತೀರಾ? ನಿಮಗೆ ಕೊಂಚ ಬರವಣಿಗೆಯ ಕೈ ಇತ್ತು ಎಂದು ನೆನಪು. ಇದ್ದರೆ ಕಳಿಸಿ, ನೋಡಿ ತಿದ್ದಿಕೊಡುತ್ತೇನೆ. ಈಗ ನನಗೂ ಬೇಕಾದಷ್ಟು ಬಿಡುವು."

"ಒಂದು ಇದೆ ಸಾರ್. ತಮ್ಮ ಬಗ್ಗೆ" ಎಂದೆ.

ಅವರ ಮುಖ ಅರಳಿಬಿಟ್ಟಿತು. ಹಾಗೆ ಅರಳಿದ್ದನ್ನು ನಾನು ಯಾವ ತಪಾಸಣೆಯಲ್ಲೂ ಕಂಡಿರಲಿಲ್ಲ. "ನನ್ನ ಬಗ್ಗೆಯೆ? ಭೇಷ್, ಭೇಷ್! ವಿಳಾಸ ಬರೆದುಕೊಳ್ಳಿ" ಎಂದು ಕೋಲೂರಿ ಎದ್ದರು.

ಅಷ್ಟರಲ್ಲಿ ಬಸ್ಸು ಕೆಮ್ಮಿ ಹೊಗೆ ಉಗುಳಿತು. ಡ್ರೈವರು ಕೂಗಿದ. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. ಬಸ್ಸು ಅಲ್ಲಾಡಿತು. ಅವರು ಕೋಲೂರಿಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡು, ತಮ್ಮ ಬೀದಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತಿದ್ದರು.